ನಾನು ಬಿಟ್ಟ ಮದ್ದು, ಅವರು ಹಾಕದ ಮದ್ದು

ಎರಡು ವರ್ಷ ಮನಸ್ಸಿನ ಕಾಯಿಲೆಗೆ ಮಾತ್ರೆ ತಿಂದೆ. ಮನೆಯಲ್ಲಿ ಅದಕ್ಕೆ ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೆಸರು. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂದುಬಿಟ್ಟರೆ ಮುಗಿಯಿತು, ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎದೆನೋವು, ಸೊಂಟನೋವು, ಅಳಿಯನ ಸಿಡುಕು, ಎಲ್ಲದಕ್ಕೂ ಅದೇ ಕಾರಣ. ಹೆಂಡತಿಯೂ ನಂಬಿದಳು. ನನಗೆಂದೇ ಸಣ್ಣ ಪಾತ್ರೆಯಲ್ಲಿ ಖಾರವಿಲ್ಲದ ಮೀನಿನ ಸಾರು ಮಾಡಿದಳು. ಎರಡು ವರ್ಷ ಸಪ್ಪೆ ಸಾರು ಉಂಡೆನೇ ಹೊರತು ನಿಜ ಹೇಳಲಿಲ್ಲ.

ನನ್ನದು ಮೀನಿನ ವ್ಯಾಪಾರ. ಬೆಳಿಗ್ಗೆ ಗಂಗೊಳ್ಳಿ ಬಂದರಿನ ಏಲಂನಲ್ಲಿ ಮೀನು ಕೊಂಡು, ಟೆಂಪೊದಲ್ಲಿ ಒಳಗಿನ ಊರುಗಳಿಗೆ ಒಯ್ದು ಮಾರುತ್ತೇನೆ. ಬಾಯಿ ಜೋರಿದ್ದವನಿಗೇ ಬರಕತ್ತು ಇರುವ ಕೆಲಸ ಇದು, ನನ್ನ ಬಾಯಿಯೂ ಕಡಿಮೆಯದ್ದಲ್ಲ. ಒಂದು ವರ್ಷ ಅದೇ ಬಾಯಿ ಬಿದ್ದುಹೋಯಿತು. ಏಲಂ ಕೂಗುವವನ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಟೆಂಪೊ ಬದಿಗೆ ನಿಲ್ಲಿಸಿ ಸುಮ್ಮಸುಮ್ಮನೆ ಅಳುತ್ತಿದ್ದೆ. ಕೊನೆಗೆ ಯಾರಿಗೂ ಹೇಳದೆ ಕುಂದಾಪುರದಲ್ಲಿ ಒಬ್ಬ ಡಾಕ್ಟರನ್ನು ಕಂಡೆ. ಮಾತ್ರೆ ಬರೆದುಕೊಟ್ಟರು. ಆರು ವಾರದಲ್ಲಿ ನನ್ನ ಬಾಯಿ ನನಗೆ ವಾಪಸು ಸಿಕ್ಕಿತು. ಬಿಡುವುದಾದರೆ ತಮ್ಮನ್ನು ಕೇಳಿಯೇ ಬಿಡಬೇಕು, ಒಮ್ಮೆಲೇ ನಿಲ್ಲಿಸಬಾರದು ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ನಿಲ್ಲಿಸಿದ್ದು ಒಂದು ಮಾತಿಗೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟು ನಿಂತಿದ್ದೆ. ಒಳಗಿನಿಂದ ಒಬ್ಬ ಹೊಸಬ ಕೂಗಿದ: "ಹ್ವಾಯ್, ಈ ತಲಿ ಮದ್ದ್ ಯಾರ್ದ್?" ನನ್ನ ಪಕ್ಕದಲ್ಲಿ ನಮ್ಮ ಕೇರಿಯವರೇ ಒಬ್ಬರು ಕೆಮ್ಮಿನ ಔಷಧಿಗೆ ಕಾಯುತ್ತಿದ್ದರು. ನಾನೂ ಆಚೆ ಈಚೆ ನೋಡಿದೆ, ಯಾರದಪ್ಪಾ ಎನ್ನುವವನ ಹಾಗೆ. ಆಮೇಲೆ ಚೀಟಿಯನ್ನೂ ಅಲ್ಲೇ ಬಿಟ್ಟು ಹೊರಗೆ ಬಂದೆ. ಹೇಗೂ ಗುಣವಾಗಿದೆಯಲ್ಲ, ಇನ್ನೆಂತಕ್ಕೆ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ಮೂರನೆಯ ದಿನ ಶುರುವಾಯಿತು. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಝರ್ ಎನ್ನುತ್ತಿತ್ತು, ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದ ಹಾಗೆ. ಟೆಂಪೊದ ಕನ್ನಡಿ ನೋಡುವುದಕ್ಕೇ ಹೆದರಿಕೆ. ಬೆವರು, ತಲೆಸುತ್ತು, ತಿಂದದ್ದು ನಿಲ್ಲುತ್ತಿರಲಿಲ್ಲ. ಸಿಟ್ಟಂತೂ ಹೇಳುವುದೇ ಬೇಡ. ಎರಡು ಬಂಗುಡೆ ಹೆಚ್ಚಿಗೆ ಹಾಕು ಎಂದ ಮುದುಕಿಯೊಬ್ಬಳ ಎದುರು ಮೀನಿನ ಕ್ರೇಟನ್ನೇ ಎತ್ತಿ ಒಗೆದೆ. ಆಮೇಲೆ ಅವಳ ಅಂಗಳದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಈ ಅವತಾರ ಮಾತ್ರೆ ಬಿಟ್ಟದ್ದರಿಂದ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳು. ಅನುಮಾನ ಚೆನ್ನಾಗಿಯೇ ಇತ್ತು.

ಅಮ್ಮ ನಾಲ್ಕು ದಿನ ನೋಡಿದಳು. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಸಾಕಿದವಳು, ಅವಳ ತೀರ್ಮಾನಕ್ಕೆ ಮನೆಯಲ್ಲಿ ಎದುರಿಲ್ಲ. ಐದನೆಯ ದಿನ ಹೇಳಿದಳು: "ಇದ್ ಸೀಕಲ್ಲ ಮಗಾ. ನಿಂಗ್ ಯಾರೋ ಕೈಮದ್ದ್ ಹಾಕಿರ್."

ಒಬ್ಬರನ್ನು ಹಾಳು ಮಾಡಲಿಕ್ಕೋ, ತಮ್ಮ ಕಡೆಗೆ ಎಳೆದುಕೊಳ್ಳಲಿಕ್ಕೋ ತಿಂಡಿಯಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ಮದ್ದಿಗೆ ನಮ್ಮಲ್ಲಿ ಕೈಮದ್ದು ಎನ್ನುತ್ತಾರೆ. ತಿಂದವನು ಸೊರಗುತ್ತಾನೆ, ವಾಂತಿ ಮಾಡುತ್ತಾನೆ, ಮನೆಯವರ ಮೇಲೆ ಹಾಯುತ್ತಾನೆ. ಲಕ್ಷಣವೆಲ್ಲ ನನಗೆ ಅಳತೆ ತೆಗೆದು ಹೊಲಿದ ಹಾಗಿತ್ತು.

"ದಿನಾ ಬೆಳಿಗ್ಗೆ ಹೊರ್ಗ್ ಎಲ್ಲ್ ತಿಂಬುದ್ ನೀನ್?" ಎಂದು ಅಮ್ಮ ಕೇಳಿದಳು.

ಎಲ್ಲಿ ಎಂದು ಅವಳಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ತ್ರಾಸಿಯಲ್ಲಿ ಹೈವೇ ಪಕ್ಕ ಒಂದು ಚಾ ಅಂಗಡಿ. ಗಂಡ ತೀರಿಕೊಂಡ ಮೇಲೆ ಹೆಂಗಸೊಬ್ಬರು ಒಬ್ಬರೇ ನಡೆಸುತ್ತಿದ್ದರು. ನನಗಿಂತ ಎರಡು ವರ್ಷ ಸಣ್ಣವರಾದರೂ ನಾನು ಅಕ್ಕ ಎನ್ನುತ್ತಿದ್ದೆ. ಬಂದರಿನಿಂದ ಹೊರಟವನು ಅಲ್ಲಿ ನಿಲ್ಲಿಸಿ ಇಡ್ಲಿ ತಿಂದು ಚಾ ಕುಡಿಯುವುದು ಏಳೆಂಟು ವರ್ಷದ ರೂಢಿ. ಹೆಂಡತಿ ನನ್ನ ಮುಖ ನೋಡಿದಳು. ಒಂಟಿ ಹೆಂಗಸು, ದಿನಾ ಹೋಗುವ ಗಂಡಸು; ಉಳಿದದ್ದನ್ನು ಅವಳ ಮನಸ್ಸು ತಾನೇ ಜೋಡಿಸಿಕೊಂಡಿತು. ಆಗ ಬಾಯಿ ಬಿಡಬೇಕಿತ್ತು. ಯಾರೂ ಏನೂ ಹಾಕಿಲ್ಲ, ನಾನೇ ಒಂದು ಮದ್ದು ಬಿಟ್ಟಿದ್ದೇನೆ ಎಂದರೆ ಸಾಕಿತ್ತು. ಯಾವ ಮದ್ದು ಎಂಬ ಪ್ರಶ್ನೆ ಬರುತ್ತದಲ್ಲ ಎಂದು ಸುಮ್ಮನಾದೆ. ಮೌನಂ ಸಮ್ಮತಿ ಲಕ್ಷಣಂ.

ಒಳನಾಡಿನ ಒಂದು ಹಳ್ಳಿಯಲ್ಲಿ ಕೈಮದ್ದು ಕಕ್ಕಿಸುವವರೊಬ್ಬರಿದ್ದರು. ಅಮ್ಮ, ಹೆಂಡತಿ ಇಬ್ಬರೂ ನನ್ನನ್ನು ಕರೆದುಕೊಂಡು ಹೋದರು. ಹಸಿರು ಸೊಪ್ಪಿನ ರಸ ಒಂದು ಲೋಟ ಕುಡಿಸಿದರು. ವಾಂತಿ ಮಾಡಲು ನನಗೆ ಆ ದಿನಗಳಲ್ಲಿ ಯಾರ ರಸವೂ ಬೇಕಾಗಿರಲಿಲ್ಲ. ಕಕ್ಕಿದ್ದರಲ್ಲಿ ಕಡ್ಡಿ ಆಡಿಸಿ ಒಂದು ಕಪ್ಪು ಚೂರು ಎತ್ತಿ ತೋರಿಸಿ, "ಕಾಣಿ, ಇದೇ" ಎಂದರು. ಅದು ಹಿಂದಿನ ದಿನ ತಿಂದ ಬದನೆಕಾಯಿಯ ಸಿಪ್ಪೆ. ಅಮ್ಮ ಕೈ ಮುಗಿದಳು, ಹೆಂಡತಿ ಅತ್ತಳು. ನಾನು ಬಾಯಿ ಒರೆಸಿಕೊಂಡೆ.

ಝರ್ ಎನ್ನುವುದು ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಒಂದು ತಿರುವಿನಲ್ಲಿ ಟೆಂಪೊ ಗದ್ದೆಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ. ಹೀಗೆ ಒಮ್ಮೆಲೇ ಬಿಟ್ಟವರಿಗೆ ಇದು ಆಗುವುದುಂಟು, ನಿಮ್ಮ ತಲೆ ಕೆಟ್ಟಿಲ್ಲ, ಮತ್ತೆ ಶುರುಮಾಡಿ, ಬಿಡುವುದಾದರೆ ತಿಂಗಳುಗಟ್ಟಲೆ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದರು. ಮಾತ್ರೆ ಮತ್ತೆ ಶುರುಮಾಡಿ ವಾರದೊಳಗೆ ನಾನು ಮನುಷ್ಯನಾದೆ. ಉಂಡದ್ದು ನಿಂತಿತು, ಕನ್ನಡಿ ನೋಡಿ ಟೆಂಪೊ ಓಡಿಸಿದೆ, ಹೆಂಡತಿಯ ಹತ್ತಿರ ತಮಾಷೆ ಮಾಡಿದೆ.

ಅನಾಹುತವಾದದ್ದು ಅಲ್ಲೇ. ನಾನು ಗುಣವಾದದ್ದೇ ಆ ಹೆಂಗಸಿನ ಮೇಲೆ ಸಾಕ್ಷಿಯಾಯಿತು. "ಮದ್ದ್ ಕಕ್ಸಿದ್ದೇ ಕಕ್ಸಿದ್, ಮಗ ಸಮ ಆಯ್ದ" ಎಂದು ಅಮ್ಮ ಮೀನು ಮಾರುವ ಹೆಂಗಸರಿಗೆಲ್ಲ ಹೇಳಿದಳು. ಯಾರು ಹಾಕಿದ್ದು ಎಂದು ಅವರು ಕೇಳದೆ ಬಿಡುತ್ತಾರೆಯೇ? ಮರವಂತೆಯಿಂದ ಕಿರಿಮಂಜೇಶ್ವರದವರೆಗೆ ಸುದ್ದಿ ಮುಟ್ಟಲು ಮೂರು ದಿನ ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆಗೆ ಬರೆ ಹಾಕುವುದನ್ನು ಎತ್ತು ನಿಂತು ನೋಡಿತು. ಆ ಅಂಗಡಿಯೆದುರು ಆಟೊಗಳ ಸಾಲು ಕರಗುತ್ತ ಬಂದದ್ದು ದಿನಾ ನನ್ನ ಕಣ್ಣಿಗೆ ಬೀಳುತ್ತಿತ್ತು. ನಾನೂ ಟೆಂಪೊ ನಿಲ್ಲಿಸದೆ, ಅತ್ತ ತಿರುಗದೆ ಹೋಗುತ್ತಿದ್ದೆ. ನಾಚಿಕೆ ಎನ್ನುವುದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಅದು ಹೇಡಿಯನ್ನಾಗಿ ಮಾಡಿತು.

ಒಂದು ತಿಂಗಳ ಮೇಲೆ, ಆ ಅಕ್ಕ ಅಂಗಡಿ ಮುಚ್ಚಿ ಮುಂಬೈಯಲ್ಲಿರುವ ತಮ್ಮನ ಹೋಟೆಲಿಗೆ ಪಾತ್ರೆ ತೊಳೆಯಲು ಹೋಗುತ್ತಾರಂತೆ ಎಂದು ಏಲಂ ಕೂಗುವವನ ಬಾಯಲ್ಲಿ ಕೇಳಿದೆ. ಅವನು ನಗುತ್ತಲೇ ಹೇಳಿದ, ನನಗೆ ಖುಷಿಯಾಗಲಿ ಎಂದು. ಆ ದಿನ ಮೀನು ಕೊಳ್ಳದೆ ಮನೆಗೆ ಬಂದು ಅಮ್ಮನನ್ನೂ ಹೆಂಡತಿಯನ್ನೂ ಕೂರಿಸಿ ಎಲ್ಲ ಹೇಳಿದೆ. ಮಾತ್ರೆಯ ಹಾಳೆ, ಡಾಕ್ಟರ ಚೀಟಿ ಎರಡನ್ನೂ ಮುಂದಿಟ್ಟೆ. ಹೆಂಡತಿ ಚೀಟಿಯನ್ನು ಎರಡು ಸಲ ಓದಿ ಎದ್ದು ಒಳಗೆ ಹೋದಳು. ಅಮ್ಮ ಚೀಟಿ ಮುಟ್ಟಲೂ ಇಲ್ಲ.

"ಕಂಡ್ಯಾ, ಅವ್ಳ್ ಪರವಾಯಿ ಹ್ಯಾಂಗೆ ಮಾತಾಡ್ತ" ಎಂದು ಒಳಗಿದ್ದ ಸೊಸೆಗೆ ಕೇಳುವ ಹಾಗೆ ಹೇಳಿದಳು. "ಮದ್ದ್ ಪೂರ್ತಿ ಹೋಯ್ಲಿಲ್ಲೆ ಕಾಂತ್."

ಮಾರನೆಯ ದಿನ ತ್ರಾಸಿಯಲ್ಲಿ ಟೆಂಪೊ ನಿಲ್ಲಿಸಿದೆ. ಅಂಗಡಿಯಲ್ಲಿ ಇದ್ದದ್ದು ಇಬ್ಬರೇ ಆಟೊದವರು. ಒಬ್ಬ ಎದ್ದು ಹೋಗಿ ತಾನೇ ಕೆಟ್ಲಿನಿಂದ ಚಾ ಹೊಯ್ದುಕೊಂಡು ಬಂದ. ಅಕ್ಕ ಒಲೆಯ ಹತ್ತಿರ ಸೆರಗು ಬಿಗಿದು ನಿಂತಿದ್ದರು. ಯಾರಿಗೂ ಕೈಯಾರೆ ಏನೂ ಕೊಡುತ್ತಿರಲಿಲ್ಲ. ಕೈಯಿಂದ ಕೊಟ್ಟರೆ ತಾನೇ ಕೈಮದ್ದು ಎನ್ನುವುದು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕ" ಎಂದೆ. ಆಟೊದವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: "ನಂಗ್ ಯಾರೂ ಎಂತದೂ ಹಾಕ್ಲಿಲ್ಲೆ. ಮನ್ಸ್ ಸಮ ಇಲ್ದೆ ಡಾಕ್ಟ್ರ್ ಮಾತ್ರೆ ತಿಂತಿದ್ದೆ. ಅದನ್ನ್ ಬಿಟ್ಟದಕ್ಕೆ ಹಾಂಗಾದ್ದ್. ತಪ್ಪ್ ನಂದ್."

ಆಟೊದವರಲ್ಲಿ ದೊಡ್ಡವನು ಲೋಟ ಕೆಳಗಿಟ್ಟ. "ಅಲ್ಲ ಮಾರಾಯ, ಅಂಥಾ ಮಾತ್ರೆ ತಿಂಬವ್ನ್ ಮಾತ್ ನಂಬುಕಾತ್ತಾ?" ಎಂದು ನಕ್ಕ. ಇನ್ನೊಬ್ಬನೂ ನಕ್ಕ.

ನನಗೆ ಮೈ ಉರಿಯಿತು. ಕಿಸೆಯಿಂದ ಮಾತ್ರೆಯ ಹಾಳೆ ತೆಗೆದು ಬೆಂಚಿನ ಮೇಲೆ ಕುಕ್ಕಿದೆ. ಎಲ್ಲರೆದುರು ಅಕ್ಕನ ಕೈಯಿಂದಲೇ ನೀರು ಇಸಕೊಂಡು ಮಾತ್ರೆ ನುಂಗುತ್ತೇನೆ, ಆಗ ನಂಬುತ್ತಾರಲ್ಲ ಎಂದು ಯೋಚನೆ. "ಅಕ್ಕ, ಒಂದ್ ಲೋಟ ನೀರ್ ಕೊಡಿ" ಎಂದೆ.

ಅವರು ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು. ಏಳೆಂಟು ವರ್ಷದಲ್ಲಿ ಅವರು ಹಾಗೆ ನೋಡಿದ್ದಿಲ್ಲ.

"ಹ್ವಾಯ್, ಇಲ್ಲ್ ಕೂಕಂಡ್ ಮದ್ದ್ ತಿಂಬುದ್ ಬ್ಯಾಡ" ಎಂದರು. "ಈ ಅಂಗ್ಡಿಯೊಳ್ಗೆ ಆ ಶಬ್ದ ಸಾಕ್. ನಿಮ್ಗ್ ಒಂದ್ ಗಳ್ಗಿ ನಾಚ್ಕಿ ತಪ್ಸುಕೆ ನನ್ ಮರ್ವಾದಿ ಬೇಕಾಯ್ತ್ ಅಲ್ದಾ?"

ಹಾಳೆಯನ್ನು ಕಿಸೆಗೆ ಹಾಕಿಕೊಂಡೆ. ಒಂದು ಚಾ ಕೊಡುತ್ತೀರಾ ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಕೆಟ್ಲ್ ಅಲ್ಲಿತ್ತ್. ನೀವೇ ಹೊಯ್ಕಣಿ."

ಹೊಯ್ದುಕೊಂಡೆ. ಆಟೊದವರ ಕಡೆ ಕಣ್ಣು ಹೊರಳಿಸಿದೆ, ತಲೆಯೊಳಗೆ ಝರ್ ಎನ್ನಲಿಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು.