ಪತಂಗದ ಗಂಡಸುತನಕ್ಕೆ ಕೈ ಹಾಕಿದ ಮಾವ

ನನ್ನ ಸೋದರಮಾವನಿಗೆ ಇಪ್ಪತ್ತೆಂಟು ವರ್ಷದಿಂದ ಒಂದೇ ಕೆಲಸ. ಕೀಟ ಪ್ರಯೋಗಾಲಯದಲ್ಲಿ ಗಂಡು ಪತಂಗಗಳ ವೃಷಣ ಬಿಡಿಸುವುದು. ಇದನ್ನು ನೆರೆಹೊರೆಯವರಿಗೆ ಹೇಳಲು ಅತ್ತೆಗೆ ಬಾಯೇ ಬರುತ್ತಿರಲಿಲ್ಲ. ಭೂತಗನ್ನಡಿ, ಚಿಮುಟ, ಬಲು ನಾಜೂಕಿನ ಕೆಲಸ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು. ಕೇಳಿದವರು ಅಕ್ಕಸಾಲಿಗ ಎಂದುಕೊಂಡರೆ ತನ್ನ ತಪ್ಪೇನು ಎಂಬುದು ಅವರ ವಾದ.

ಮಾವನಿಗೆ ಮಾತ್ರ ನಾಚಿಕೆ ಹತ್ತಿರವೂ ಸುಳಿದಿರಲಿಲ್ಲ. ಊಟಕ್ಕೆ ಕೂತರೆ ಪಾಠ ಶುರು. ಹುಳುವಾಗಿದ್ದಾಗ ಅದಕ್ಕೆ ಎರಡು ವೃಷಣ, ಬೆನ್ನ ಕೆಳಗೆ ಆಚೆಗೊಂದು ಈಚೆಗೊಂದು. ತಿನ್ನುವುದು ಬಿಟ್ಟು ಕೋಶದೊಳಗೆ ಸೇರುವ ಹೊತ್ತಿಗೆ ಎರಡೂ ಹತ್ತಿರ ಸರಿದು, ಕೂಡಿಕೊಂಡು ಒಂದೇ ಉಂಡೆಯಾಗುತ್ತವೆ.

"ಪಾಲಾದ ಅಣ್ಣತಮ್ಮಂದಿರು ಮತ್ತೆ ಒಂದೇ ಮನೆ ಮಾಡಿದ್ದನ್ನ ಎಲ್ಲಾದ್ರೂ ನೋಡಿದೀಯಾ? ನಾನು ದಿನಾ ನೋಡ್ತೀನಿ" ಎಂದು ಅವರು ನನಗೆ ಹೇಳುವಾಗ ಅತ್ತೆ ಪಾತ್ರೆ ಕುಕ್ಕುತ್ತಿದ್ದರು.

ಅತ್ತೆಯ ಅರ್ಧಸತ್ಯದ ಫಲವಾಗಿ ಒಂದು ದಿನ ಪಕ್ಕದ ಮನೆಯಾಕೆ ಕೊಂಡಿ ಕಳಚಿದ ಓಲೆ ತಂದುಬಿಟ್ಟರು. ಮಾವ ಇಲ್ಲ ಎನ್ನಲಿಲ್ಲ, ಚಿಮುಟ ಹಿಡಿದು ಕೂತರು. ಕೊಂಡಿ ತೂತಿನ ಸುತ್ತ ಪ್ರದಕ್ಷಿಣೆ ಹಾಕಿತೇ ಹೊರತು ಒಳಗೆ ಹೋಗಲಿಲ್ಲ. ಬಲ್ಬು ಸರಿಯಿಲ್ಲ ಎಂದು ಬಲ್ಬು ಬದಲಾಯಿಸಿದರು. ಆಮೇಲೆ ಓಲೆಯೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಾನು ಆ ಕೈ ನೋಡಿದ್ದೆ. ಅದು ನಡುಗುತ್ತಿತ್ತು. ಪ್ರಯೋಗಾಲಯವಿಡೀ ನೆಚ್ಚಿಕೊಂಡಿದ್ದುದೇ ಆ ಕೈಯನ್ನು.

ಅಲ್ಲೊಬ್ಬಳು ಸಂಶೋಧಕಿ ಇದ್ದಳು. ಪದವಿ ಇನ್ನೂ ಸಿಗದಿದ್ದರೂ ಮಾವ ಅವಳನ್ನು ಆಗಲೇ ಡಾಕ್ಟರಮ್ಮ ಎನ್ನುತ್ತಿದ್ದರು. ವೃಷಣಗಳು ಕೂಡುವ ಹೊತ್ತಿನಲ್ಲಿ ಯಾವ ಜೀನ್ ಚುರುಕಾಗುತ್ತದೆ, ಯಾವುದು ಮಲಗುತ್ತದೆ ಎಂದು ಮೂರು ವರ್ಷ ಹುಡುಕಿದ್ದಳು. ಒಂದು ಜೀನ್ ಸರಿಯಾಗಿ ಅದೇ ದಿನ ಮೈಮೇಲೆ ಬಂದಂತೆ ಕುಣಿಯುತ್ತಿತ್ತು. ಅದರ ಬಾಯಿ ಮುಚ್ಚಿಸಿದರೆ ಎರಡೂ ಬೇರೆಯಾಗಿಯೇ ಉಳಿಯುತ್ತವೆಯೇ? ಹನ್ನೆರಡು ಹುಳುಗಳಿಗೆ ಸೂಜಿಮದ್ದು ಚುಚ್ಚಿ, ಕೋಶವಾದ ಮೇಲೆ ಮಾವನ ಕೈಗೆ ಕೊಟ್ಟಳು. ಒಂಬತ್ತರಲ್ಲಿ ಎರಡೆರಡು ಬಂದವು. ಅವಳು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದಳು. ಸೋಮವಾರ ಪರೀಕ್ಷಕರ ಮುಂದೆ ಇದನ್ನು ಮಂಡಿಸುವುದೆಂದು ನಿಶ್ಚಯವಾಯಿತು.

ಭಾನುವಾರ ಮಾವ ನಮ್ಮ ಮನೆಗೆ ಬಂದರು. ಕೂತಲ್ಲಿ ಕೂರಲಿಲ್ಲ. ಕೊನೆಗೆ ಬಾಯಿಬಿಟ್ಟರು. ಒಂಬತ್ತರಲ್ಲಿ ನಾಲ್ಕು ಒಂದೇ ಉಂಡೆಯಾಗಿದ್ದವಂತೆ. ಹೊರತೆಗೆಯುವಾಗ ಚಿಮುಟ ಅದುರಿ ಹರಿದವಂತೆ. ಹೇಳಿದರೆ ಕೈಯ ಗುಟ್ಟು ರಟ್ಟಾಗಿ ಕೆಲಸ ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿ ಹತ್ತು ಜನರ ಮುಂದೆ ಸುಳ್ಳು ಹೇಳಿದಂತಾಗುತ್ತದೆ. ಬುದ್ಧಿವಂತನಾದ ನಾನು, ಪತಂಗವೇನು ಬಂದು ಸಾಕ್ಷಿ ಹೇಳುತ್ತದೆಯೇ, ಸುಮ್ಮನಿರಿ ಎಂದೆ. ಮಾವ ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅವಳು ಬರುವ ಮೊದಲೇ ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಒಂಬತ್ತಲ್ಲಮ್ಮ, ಐದು. ಉಳಿದ ನಾಲ್ಕನ್ನ ಬೇರೆ ಮಾಡಿದ್ದು ನಿನ್ನ ಜೀನ್ ಅಲ್ಲ, ನನ್ನ ಕೈ. ನಡುಗತ್ತೆ."

ಯಾವ ನಾಲ್ಕು ಎಂದು ಅವಳು ಕೇಳಿದಳು. ಮಾವ ಸೀಸೆಗಳನ್ನು ತರಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಅಂಚು ಚಿಂದಿಯಾದವನ್ನು ಎರಡೇ ನಿಮಿಷದಲ್ಲಿ ಆರಿಸಿಕೊಟ್ಟರು. ಅವಳು ಒಂದಿಷ್ಟು ಅತ್ತಳು, ಒಂದಿಷ್ಟು ಬೈದಳು. ಏನು ಬೈದಳೆಂದು ಮಾವ ಇವತ್ತಿಗೂ ಹೇಳುವುದಿಲ್ಲ. ಮಂಡನೆ ಎರಡು ತಿಂಗಳು ಮುಂದಕ್ಕೆ ಹೋಯಿತು.

ಆಮೇಲೆ ಅವಳು ಮಾವನ ಚಿಮುಟ ಕೈಗೆತ್ತಿಕೊಂಡು ಅವರ ಕುರ್ಚಿಯಲ್ಲೇ ಕೂತಳು. "ಇನ್ಮೇಲೆ ನಾನು ಬಿಡಿಸ್ತೀನಿ ಅಂಕಲ್. ನೀವು ಪಕ್ಕದಲ್ಲಿ ಕೂತು ಬೈತಾ ಇರಿ."

ಮನೆಯಲ್ಲಿ ಬೈಸಿಕೊಂಡೇ ಅಭ್ಯಾಸವಾದ ಮಾವನಿಗೆ ಬೈಯುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಸಾಲಾಗಿ ಹನ್ನೊಂದು ಹಾಳು ಮಾಡಿದಳು. ಪ್ರತಿಯೊಂದಕ್ಕೂ ಮಾವ ಸ್ವಂತ ತಮ್ಮ ಸತ್ತಂತೆ ಗೋಳಾಡಿದರು. ಹನ್ನೆರಡನೆಯದು ಇಡಿಯಾಗಿ ಹೊರಬಂತು. ಮಾವ ಬಗ್ಗಿ ನೋಡಿದರು. ಅಂಚು ಎಲ್ಲೂ ಹರಿದಿರಲಿಲ್ಲ.

"ಸರಿ ಹಾಗಾದ್ರೆ, ನಾಳೆಯಿಂದ ನಾನು ಬೇಕಾಗಲ್ಲ" ಎಂದರು.

ಅವಳು ತಲೆ ಎತ್ತಲಿಲ್ಲ. "ನಾಳೆ ಮೂವತ್ತು ಇದಾವೆ. ಒಂಬತ್ತಕ್ಕೆ ಬಂದ್ಬಿಡಿ."

ಮಾವ ಎಂಟಕ್ಕೇ ಹೋದರು.