ಬೀಗದವನ ಬಲಭುಜ

ಬೀಗ ರಿಪೇರಿಯವನು ಮೊದಲ ಸಲ ಹೊಲಿಗೆಯಮ್ಮನ ಅಂಗಡಿಗೆ ಬಂದಾಗ ಅವನ ಕಂಕುಳಲ್ಲಿ ಒಂದು ನಾಯಿ ಇತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಮೆಲ್ಲಗೆ ನಿಲ್ಲಿಸಿದ. ಮೂತಿ ನರೆತಿತ್ತು. ಹಿಂಗಾಲಿನ ಮಂಡಿಯಲ್ಲಿ ಆಪರೇಷನ್ನಿನ ಗೆರೆ ಎದ್ದು ಕಾಣುತ್ತಿತ್ತು.

"ಇವಳು ಚಿಲಕ. ಮಂಡಿಗೊಂದು ಪಟ್ಟಿ ಹೊಲಿದು ಕೊಡಿ ಅಮ್ಮ. ಬಿಗಿ ಇರ್ಬೇಕು, ಒತ್ತಬಾರದು."

ಹೊಲಿಗೆಯಮ್ಮ ಟೇಪು ಸುತ್ತಿದಳು. "ಮನುಷ್ಯರಿಗಿಂತ ಇವಳೇ ವಾಸಿ. ಅಳತೆ ತಗೊಳ್ಳುವಾಗ ಹೊಟ್ಟೆ ಒಳಗೆ ಎಳ್ಕೊಳ್ಳಲ್ಲ."

ಒಂಬತ್ತು ವರ್ಷದ ಚಿಲಕ ಅಡೆತಡೆ ಓಟದ ನಾಯಿ. ಅಡ್ಡಕೋಲು ಹಾರಿ, ಸುರಂಗದಲ್ಲಿ ನುಗ್ಗಿ, ಸಾಲುಗಂಬಗಳ ನಡುವೆ ನುಸುಳಬೇಕು. ಯಜಮಾನ ಪಕ್ಕದಲ್ಲೇ ಓಡುತ್ತ ದಾರಿ ತೋರಿಸಬೇಕು. ಮೊದಲು ಅದರ ಭುಜಕ್ಕೆ ಪೆಟ್ಟಾಯಿತು, ಆಮೇಲೆ ಕೋಲು ಹಾರುವಾಗ ಬಿದ್ದು ಮಂಡಿಗೆ. ಎರಡು ವರ್ಷ ಕಳೆದ ಮೇಲೆ ಡಾಕ್ಟರು ಇನ್ನು ಓಡಿಸಬಹುದು ಅಂದಿದ್ದರು. ಆದರೆ ಅಭ್ಯಾಸದಲ್ಲಿ ಅದು ಪ್ರತಿ ಕೋಲಿನ ಮುಂದೆಯೂ ನಿಂತುಬಿಡುತ್ತಿತ್ತು.

"ಈ ಸಲದ ಪಂದ್ಯದಲ್ಲೂ ನಿಂತ್ರೆ ಅಲ್ಲಿಗೆ ಮುಗೀತು. ಮತ್ತೆ ಮೈದಾನಕ್ಕೆ ಕರ್ಕೊಂಡು ಹೋಗಿ ಹಿಂಸೆ ಮಾಡಲ್ಲ," ಅಂದ.

ಗಂಡ ತೀರಿಕೊಂಡ ಮೇಲೆ ಅಂಗಡಿ ಬಿಟ್ಟು ಎಲ್ಲೂ ಹೋಗದ ಹೊಲಿಗೆಯಮ್ಮ, ಪಟ್ಟಿ ಜಾರುತ್ತದೋ ನೋಡಬೇಕೆಂದು ನಾಲ್ಕು ಸಂಜೆ ಮೈದಾನದ ಬೆಂಚಿನ ಮೇಲೆ ಕೂತಳು. ಪಟ್ಟಿ ಸರಿಯಾಗಿಯೇ ಇತ್ತು. ಐದನೆಯ ಸಂಜೆ ಅವನನ್ನು ಹತ್ತಿರ ಕರೆದಳು.

"ಚಿಲಕಂಗೆ ಏನೂ ಆಗಿಲ್ಲ ಕಣಪ್ಪ. ಕೋಲು ಇನ್ನೂ ಎರಡು ಹೆಜ್ಜೆ ಇರುವಾಗ್ಲೇ ನಿನ್ನ ಬಲಭುಜ ಹಿಂದಕ್ಕೆ ಹೋಗುತ್ತೆ. ಎಲ್ಲಿ ಬೀಳ್ತಾಳೋ ಅಂತ ತಿರುಗಿ ನೋಡ್ತೀಯ. ಅದನ್ನ ನೋಡಿ ಅವಳು ನಿಲ್ತಾಳೆ."

"ನಾನಾ?"

"ಮತ್ತೆ ನಾನಾ? ನಲವತ್ತು ವರ್ಷ ಭುಜದ ಅಳತೆ ತಗೊಂಡಿದೀನಿ."

ಅವನು ಚಿಲಕದ ಕಿವಿ ಸವರಿದ. "ಆವತ್ತು ಬಿದ್ದಾಗ ಕೂಗಿದ್ಲು ಅಮ್ಮ. ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ."

"ಅವಳ ಕಿವಿಯಿಂದ ಹೋಗಿ ಎಷ್ಟೋ ದಿನ ಆಯ್ತು."

ಪಂದ್ಯದ ದಿನ ವಯಸ್ಸಾದ ನಾಯಿಗಳಿಗೆಂದು ಕೋಲುಗಳನ್ನು ಒಂದಿಷ್ಟು ಇಳಿಸಿದ್ದರು. ಸೀಟಿ ಊದಿದರು. ಹೊಲಿಗೆಯಮ್ಮನ ಕಣ್ಣು ಅವನ ಭುಜದ ಮೇಲೇ ಇತ್ತು. ಮೊದಲನೆಯ ಕೋಲು ಬಂತು. ಭುಜ ಅಲುಗಲಿಲ್ಲ. ಆಗ ಅವಳು ಚಿಲಕದ ಕಡೆ ನೋಡಿದಳು.

ಅದು ನೆಲ ಬಿಟ್ಟಿತ್ತು. ಕಾಲುಗಳು ಹೊಟ್ಟೆಗೆ ಮಡಚಿಕೊಂಡಿದ್ದವು, ನರೆತ ಮೂತಿ ಮುಂದಕ್ಕೆ ಚಾಚಿತ್ತು. ಆ ಮಂಡಿಯ ಸುತ್ತಳತೆ ಅವಳಿಗೆ ಬಾಯಿಪಾಠ. ಹರಿದು ಕೂಡಿದ ಜಾಗವನ್ನು ಬೆರಳಿನಿಂದ ಮುಟ್ಟಿ ಬಲ್ಲಳು. ಅಷ್ಟು ಸಣ್ಣ ಕೀಲು ಅಷ್ಟು ದೊಡ್ಡ ಜೀವವನ್ನು ಗಾಳಿಗೆ ಎತ್ತಿ ಹಿಡಿದದ್ದನ್ನು ಕಂಡು ಅವಳ ಮೈ ಜುಮ್ಮೆಂದಿತು. ಸಾಲುಗಂಬಗಳ ನಡುವೆ ಚಿಲಕ ಸೂಜಿಯ ಹಿಂದೆ ದಾರ ಹೋದ ಹಾಗೆ ಹೋಯಿತು. ಕೊನೆಯ ಕೋಲಿಗೆ ಹಿಂಗಾಲು ತಗುಲಿತು. ಕೋಲು ನಡುಗಿ, ಅಲ್ಲೇ ನಿಂತಿತು. ತೆರೆದ ಬಾಯಿ ಮುಚ್ಚಲು ಅವಳಿಗೆ ನೆನಪಾದದ್ದು ಆಮೇಲೆ.

ಅವರಿಗೆ ಸಿಕ್ಕಿದ್ದು ಏಳನೆಯ ಸ್ಥಾನ. ಅವನು ಫಲಕದ ಕಡೆ ಕಣ್ಣು ಹಾಯಿಸದೆ, ಏದುಸಿರು ಬಿಡುತ್ತಿದ್ದ ಚಿಲಕವನ್ನು ಎದೆಗೆ ಒತ್ತಿಕೊಂಡು ನೇರ ಬೆಂಚಿನ ಹತ್ತಿರ ಬಂದ.

"ಅಮ್ಮ, ನಾನು ತಿರುಗಿ ನೋಡಿದ್ನಾ?"