ಗಂಗವ್ವನಿಗೆ ಬಿಟ್ಟ ಮೀನು

ನನ್ನೂರು ತಳಕಲ್ ಕಡೆ. ಅಲ್ಲಿನ ಹಳ್ಳದಲ್ಲಿ ನೀರಿಗಿಂತ ಜಾಲಿಗಿಡ ಹೆಚ್ಚು. ಅಂಥ ಊರಿನವನಿಗೆ ೧೯೯೭ರಲ್ಲಿ ಸಿಕ್ಕ ತಾತ್ಕಾಲಿಕ ನೌಕರಿ ಯಾವುದು ಗೊತ್ತೇ? ತುಂಗಭದ್ರೆಯ ಮೀನುಗಳ ಬೆನ್ನಿಗೆ ನಂಬರಿನ ಪ್ಲಾಸ್ಟಿಕ್ ಚೀಟಿ ಹೊಲಿಯುವುದು. ನನಗೆ ಈಜು ಬಾರದು, ಮೀನು ತಿನ್ನುವ ಮನೆಯವನೂ ಅಲ್ಲ. ಬಿ.ಎಸ್ಸಿ. ಅಂತ ಒಂದು ಕಾಗದ ಇತ್ತು, ಅಷ್ಟೇ.

ಗಂಗಾವತಿ ಕಡೆ ಹೊಳೆಯ ಬಂಡೆಗಳ ನಡುವೆ ಒಂದು ಆಳವಾದ ಮಡು ಇತ್ತು. ಎಂಥ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ದೊಡ್ಡ ದೊಡ್ಡ ಹುರುಪೆಯ ಮಹಶೀರ್ ಮೀನು ಬೇರೆ ಕಡೆ ಮುಗಿದುಹೋಗಿ, ಅಲ್ಲಿ ಮಾತ್ರ ಉಳಿದಿತ್ತು. ಹೊಸನೀರು ಬಂದಾಗ ಅವು ಮೊಟ್ಟೆಯಿಡಲು ಹೊಳೆಯ ಮೇಲ್ಗಡೆ ಹೋಗುತ್ತವೆ. ನೀರಿಳಿದ ಮೇಲೆ ಅದೇ ಮಡುವಿಗೆ ಮರಳುತ್ತವೆಯೋ, ಸಿಕ್ಕ ಗುಂಡಿಯಲ್ಲಿ ಇದ್ದುಬಿಡುತ್ತವೆಯೋ ಕಚೇರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಆ ಮಡುವಿನ ಮರಳಿನ ಮೇಲೆ ಗುತ್ತಿಗೆದಾರನೊಬ್ಬನ ಕಣ್ಣು ಬಿದ್ದಿತ್ತು. ನಮ್ಮ ಸಾಹೇಬರು ನೇರವಾಗಿಯೇ ಹೇಳಿದರು: "ಇದ ಮಡುವಿಗೆ ತಿರುಗಿ ಬರತಾವ ಅಂತ ತೋರ್ಸಪಾ. ಒಂದ ಚೀಟಿ ತಂದ ಕೊಟ್ರೂ ಸಾಕು, ಮರಳ ಮುಟ್ಟಬ್ಯಾಡ್ರಿ ಅಂತ ಬರದ ಕಳಸ್ತೀನಿ."

ಮಡುವಿನಲ್ಲಿ ಬಲೆ ಬೀಸುತ್ತಿದ್ದವರು ದಂಡೆಯ ನಾಲ್ಕಾರು ಮನೆಯವರು. ಅವರಲ್ಲಿ ಹಿರಿಯನನ್ನು ನಾನು ಕಾಕಾ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ಕಾಕು. ಆ ಬೇಸಿಗೆ ಕಾಕಾ ಮೀನನ್ನು ಒದ್ದೆ ಗೋಣಿಚೀಲದಲ್ಲಿ ಒತ್ತಿ ಹಿಡಿದ, ನಾನು ಬೆನ್ನಿನ ರೆಕ್ಕೆಯ ಬುಡಕ್ಕೆ ಹಳದಿ ಚೀಟಿ ಹೊಲಿದೆ.

"ಅಯ್ಯ ಶಿವನ! ಜೀವಂತ ಮೀನಕ್ಕ ದಬ್ಬಣ ಚುಚ್ಚತೀರಲ್ರಿ, ಏನ್ ಪಾಪ ಮಾಡೇತ್ರಿ ಅದು?" ಎಂದು ಕಾಕು ಎದೆ ಮೇಲೆ ಕೈಯಿಟ್ಟುಕೊಂಡಳು.

ನಿಜ ಹೇಳಬೇಕಿತ್ತು. ಬಿಸಿಲು ಸುಡುತ್ತಿತ್ತು, ನನಗೆ ವ್ಯವಧಾನ ಇರಲಿಲ್ಲ. "ಯವ್ವಾ, ನಮ್ಮೂರಾಗ ದೇವರಿಗೆ ಬಿಟ್ಟ ಗೂಳಿಗೆ ಮುದ್ರಿ ಹಾಕೂದಿಲ್ಲೇನು? ಹಂಗ ತಿಳಕೊ. ಇವು ಗಂಗವ್ವಗ ಬಿಟ್ಟ ಮೀನ" ಎಂದೆ. ಎಲುಬಿಲ್ಲದ ನಾಲಿಗೆ.

ಮರುದಿನ ಕಾಕು ಅರಿಶಿಣ ಕುಂಕುಮ ತಂದು, ಒಂದೊಂದು ಮೀನಿನ ತಲೆಗೂ ಹಚ್ಚಿ ನೀರಿಗೆ ಬಿಟ್ಟಳು. ನಾನು ಒಳಗೊಳಗೇ ನಕ್ಕೆ. ಕೆಲಸ ಮುಗಿದ ದಿನ ಎಲ್ಲರನ್ನೂ ಕೂರಿಸಿ ಕಚೇರಿಯ ಕಾಗದ ಓದಿದೆ: ಇಂಥ ಮೀನು ಬಲೆಗೆ ಬಿದ್ದರೆ ಚೀಟಿ ಕತ್ತರಿಸಿ ತರಬೇಕು, ತಂದವರಿಗೆ ಹೊಸ ನೈಲಾನ್ ಬಲೆ. ಎಲ್ಲರೂ ಗೋಣು ಹಾಕಿದರು. ಚೀಟಿ ಯಾಕೆ ಬೇಕು ಅಂತ ಕಾಗದದಲ್ಲಿರಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ನನ್ನನ್ನು ಮುನಿರಾಬಾದಿನ ಕಚೇರಿಯಲ್ಲಿ ಕೂರಿಸಿದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ "ಕಾಕಾ, ಚೀಟಿ ಬಂದಾವೇನು?" ಎಂದು ಕೇಳುತ್ತಿದ್ದೆ. "ಇಲ್ರೀ ಸಾಹೇಬ್ರ." ಆ ಪ್ರಶ್ನೆ ಬಂದ ಕೂಡಲೇ ಕಾಕು ಎದ್ದು ಒಳಗೆ ಹೋಗುತ್ತಿದ್ದಳು. ನನ್ನ ಕಾಟಕ್ಕೆ ಬೇಸತ್ತಿದ್ದಾಳೆ ಅಂದುಕೊಂಡೆ. ಹರಗೋಲು ಹತ್ತಿ ನಾನೇ ಒಮ್ಮೆ ನೋಡಬಹುದಿತ್ತು. ನೀರಿನ ಹೆದರಿಕೆ, ದಂಡೆಯ ಮೇಲೆ ಚಹಾ ಕುಡಿದು ವಾಪಸಾಗುತ್ತಿದ್ದೆ.

ಎರಡು ಬೇಸಿಗೆ ಹೀಗೇ ಕಳೆದವು. "ಹೊಸಾ ಬಲಿ ಕೊಡತೀವಿ ಅಂದ್ರೂ ಒಬ್ಬಾಂವನೂ ಬಂದಿಲ್ಲ ಅಂದ್ರ ಮೀನ ಬಂದಿಲ್ಲ ತಮ್ಮಾ" ಎಂದರು ಸಾಹೇಬರು. ಎದುರಾಡಲು ನನ್ನ ಹತ್ತಿರ ಏನಿತ್ತು? ಮೀನುಗಳು ಈ ಮಡುವಿಗೆ ಮರಳುವುದಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಗುತ್ತಿಗೆ ಮಂಜೂರಾಯಿತು.

ಮರಳಿನ ಲಾರಿಗಳೆಲ್ಲ ಹೋದ ಮೇಲೆ ಒಮ್ಮೆ ಹೋಗಿ ನೋಡಿದೆ. ಮಡು ಇದ್ದಲ್ಲಿ ಮೊಣಕಾಲುದ್ದದ ರಾಡಿ. ಸಿಟ್ಟು ತಡೆಯದೆ, "ಒಂದರ ಮೀನ ತಿರುಗಿ ಬಂದಿದ್ರ ಈ ಮಡು ಉಳೀತಿತ್ತು ಕಾಕಾ!" ಎಂದು ಕೂಗಾಡಿದೆ.

ಕಾಕಾ ನನ್ನನ್ನೇ ಮಿಕಿಮಿಕಿ ನೋಡಿದ. "ಬಂದಿದ್ವಲ್ರೀ. ಎರಡೂ ವರ್ಷ ಬಂದಿದ್ವು. ಬಲಿಗೆ ಬಿದ್ದಾಗೆಲ್ಲ ಇಕಿ ಅರಿಷಿಣ ಹಚ್ಚಿ ಬಿಡತಿದ್ಲು."

"ಮತ್ತ ಹೇಳಲಿಲ್ಲ ಯಾಕ?"

"ದೇವರಿಗೆ ಬಿಟ್ಟದ್ದನ್ನ ಹಿಡದ್ವಿ ಅಂತ ಬಾಯಿಬಿಟ್ಟು ಹೇಳತಾರೇನ್ರಿ?" ಎಂದಳು ಕಾಕು. "ಅದರ ಮುದ್ರಿ ಕತ್ತರಸ್ತಾರೇನು? ಹೊಸಾ ಬಲಿ ಆಸೇಕ್ಕ ಒಬ್ಬಾಂವ ಚೀಟಿಗೆ ಕೈ ಹಾಕಿದ್ದ, ನಾನ ಬೈದು ಬಿಡಸೀನಿ."

"ಕತ್ತರಿಸಿ ತರ್ರಿ ಅಂತ ಕಾಗದ ಓದಿದ್ನಲ್ಲಬೇ!"

"ಅದು ಸರಕಾರದ ಕಾಗದ. ಗಂಗವ್ವನ ಮಾತು ನೀವ ನಿಮ್ಮ ಬಾಯಿಂದ ಹೇಳಿದ್ರಿ. ನಿಮ್ಮ ಮಾತ ದೊಡ್ಡದು ಅಂದ್ಕೊಂಡ್ವಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರನ್ನು, ಗುತ್ತಿಗೆದಾರನನ್ನು ಬೈದು ಏನು ಬಂತು? ಆ ಮೀನುಗಳನ್ನು ನಂಬಿಕೆಯಿಂದ ಕಾದವರು ದಂಡೆಯವರು. ಅವುಗಳ ಮನೆ ಕೆಡವಿದ್ದು ನನ್ನ ಸಹಿ.

ಆ ವರ್ಷ ಹೊಳೆ ಇಳಿದಾಗ ಕಾಕು ಹೇಳಿ ಕಳಿಸಿದಳು. ಹೋದೆ. ಹಿಂದಿನ ದಿನ ಒಂದು ಮೀನು ಮಡುವನ್ನು ಹುಡುಕಿಕೊಂಡು ಬಂದಿತ್ತಂತೆ. ರಾಡಿಯಲ್ಲಿ ಸುತ್ತಿ ಸುತ್ತಿ, ಕಲ್ಲಿನ ಮೇಲೆ ಬಿದ್ದು ಸತ್ತಿತ್ತಂತೆ. ಕಾಕು ಸೆರಗಿನ ತುದಿಯ ಗಂಟು ಬಿಚ್ಚಿ ಹಳದಿ ಚೀಟಿ ನನ್ನ ಕೈಗಿಟ್ಟಳು.

"ಒಂದರ ಬಂದಿದ್ರ ಅಂದಿದ್ರಲ್ಲ, ತಗೋರಿ."

ನಂಬರಿಗೆ ಅರಿಶಿಣ ಹತ್ತಿತ್ತು. ಆಕೆ ಹೊಸ ಬಲೆ ಕೇಳಲಿಲ್ಲ.